ಹೊಟ್ಟೆಗೆ ಹಾಕಿಕೊಂಡದ್ದು

ಗೆಲ್ಸೆನ್‌ಕಿರ್ಶೆನ್ ಊರಿನ ಉತ್ತರಕ್ಕೆ, ಕಾಲುವೆಯ ಪಕ್ಕ,
ಮಥಿಲ್ಡೆ ಎಂಬ ಹೆಣ್ಣುಹೆಸರಿನ ಕೋಕ್ ಒಲೆಗಳಿದ್ದ ಜಾಗ.
ಈಗಲ್ಲಿ ಬರ್ಚ್ ಮರಗಳು, ಮೊಲಗಳು,
ಇಪ್ಪತ್ತು ಮೀಟರಿಗೊಂದರಂತೆ ನಾನು ನೆಟ್ಟ ಕೆಂಪು ಗೂಟಗಳು.
ನಗರಸಭೆ ಉದ್ಯಾನ ಮಾಡುತ್ತದಂತೆ. ಅದಕ್ಕೂ ಮೊದಲು
ನೆಲದ ಹೊಟ್ಟೆಯಲ್ಲಿ ಏನಿದೆಯೆಂದು ನೋಡಿ ಬರೆಯುವುದು
ನನ್ನ ಕೆಲಸ, ತಿಂಗಳ ಸಂಬಳಕ್ಕೆ.

ಕೊರೆಯುವ ಕೊಳವೆ ಇಳಿಯುತ್ತದೆ, ಏರುತ್ತದೆ.
ಒಂದು ಮೀಟರು: ಇಟ್ಟಿಗೆ ಚೂರು, ಬೂದಿ, ಯಾರದೋ ಕಪ್ಪಿನ ಹಿಡಿ.
ಎರಡನೆಯದು: ನೀಲಿ. ಹಬ್ಬದ ಅಂಗಿಯಂಥ ನೀಲಿ,
ಬರಿಗೈಯಲ್ಲಿ ಮುಟ್ಟಬಾರದ್ದು. ಚಿಕ್ಕಂದಿನಲ್ಲಿ ಬೇಲಿಯಾಚೆ ಸುರಿದಿದ್ದ
ಆ ಹೆಂಟೆಗಳಿಂದಲೇ ನಾವು ಕುಂಟೆಬಿಲ್ಲೆಯ ಮನೆ ಬರೆದದ್ದು.
ಮೂರನೆಯದು ಮೇಲೆ ಬರುವ ಮೊದಲೇ ಮೂಗಿಗೆ ಬರುತ್ತದೆ.
ವಾಸನೆ ಎಂಬ ಕಲಮಿನಲ್ಲಿ ಬರೆಯುತ್ತೇನೆ: ನ್ಯಾಫ್ತಲೀನ್, ತೀವ್ರ.
ಬರೆಯದೆ ಬಿಡುತ್ತೇನೆ: ಅಪ್ಪನ ಅಂಗಿ.
ಅವನ ಬಟ್ಟೆಯಿದ್ದ ಬೀರುವಿಗೆ ಅಮ್ಮ
ಒಂದು ದಿನವೂ ನುಸಿಗುಳಿಗೆ ಕೊಂಡವಳಲ್ಲ.

ಅಪ್ಪನ ಹೆಸರು ಸತಿಲ್ಮಿಶ್. ಮನೆಮಾತಿನಲ್ಲಿ, ಮಾರಾಟವಾದವನು.
ಮೊದಲೆರಡು ಮಕ್ಕಳು ಉಳಿಯಲಿಲ್ಲವೆಂದು ಅಜ್ಜಿ
ಇವನನ್ನು ಸಂತನ ಗೋರಿಗೆ ಮಾರಿ ಉಳಿಸಿಕೊಂಡಳಂತೆ,
ಝೊಂಗುಲ್ದಾಕಿನ ಹಿಂದಿನ ಗುಡ್ಡದಲ್ಲಿ.

ಮೊನ್ನೆ ಮಡಚುವ ಕುರ್ಚಿ ಹಿಡಿದು ಬಂದ. ನೋಡುತ್ತ ಕೂತ.
"ಇಸ್ತಾಂಬುಲ್ಲಿನಲ್ಲಿ ನಮ್ಮನ್ನೂ ಹೀಗೇ ನೋಡಿದ್ದರು,
ಚಡ್ಡಿಯಲ್ಲಿ ಸಾಲು ನಿಲ್ಲಿಸಿ. ಹಲ್ಲು, ಎದೆ, ಮೂತ್ರ.
ರೋಗವಿಲ್ಲ ಎಂದು ಮುದ್ರೆ ಒತ್ತಿ ರೈಲು ಹತ್ತಿಸಿದರು.
ಈಗ ಇವಳ ಸರದಿಯೋ?"

ಆಮೇಲೆ ನನ್ನ ಗೂಟಗಳನ್ನು ನೋಡಿ ನಕ್ಕ.
"ಚೆನ್ನಾಗಿ ನೆಟ್ಟಿದ್ದೀಯ, ದಾರ ಹಿಡಿದ ಹಾಗೆ.
ನಾವು ದಾರ ಹಿಡಿದು ಸುರಿದವರಲ್ಲ, ಮಗಳೇ."

ಎದ್ದ. ನಕ್ಷೆಯಿಲ್ಲ. ಎಡಮಂಡಿ ಸರಿಯಿಲ್ಲ.
ಸ್ನಾನದ ಮನೆಯ ಬಿಳಿ ಹಂಚು ಇನ್ನೂ ನಾಲ್ಕು ಉಳಿದಿವೆ,
ಅಲ್ಲಿಂದ ಹೆಜ್ಜೆ ಎಣಿಸುತ್ತ ಬರ್ಚುಗಳ ನಡುವೆ ನಡೆದ,
ಕತ್ತಲೆಯಲ್ಲಿ ನಡೆಯುವವನಂತೆ ಕೈ ಮುಂದೆ ಚಾಚಿ.
ನಿಂತ.
"ಇಲ್ಲಿ."

ಎಪ್ಪತ್ತೊಂಬತ್ತರ ಚಳಿಗಾಲ, ರಾತ್ರಿ ಪಾಳಿ.
ಟಾರಿನ ತೊಟ್ಟಿ ತುಂಬಿತ್ತು, ಬೆಳಿಗ್ಗೆ ತಪಾಸಣೆಯವರು ಬರುವವರಿದ್ದರು.
ಮೇಸ್ತ್ರಿ ಬ್ರಾಕ್‌ಹಾಫ್ ಬೆರಳು ತೋರಿಸಿದ, ಮಾತಾಡಲಿಲ್ಲ.
"ತಿರುಗಿಸಿದವನು ನಾನು. ಎಡಕ್ಕೆ, ಹನ್ನೊಂದು ಸುತ್ತು.
ಬೆಳಗಾಗುವಷ್ಟರಲ್ಲಿ ಎಲ್ಲ ಇಂಗಿತ್ತು. ಪಾಪ,
ನೆಲ ಹೊಟ್ಟೆಗೆ ಹಾಕಿಕೊಂಡಿತು."

ಗೂಟವಿಲ್ಲದ ಕಡೆ ಕೊರೆದೆ. ಎರಡೂವರೆ ಮೀಟರಿಗೆ
ಕಾಕಂಬಿಯಂತೆ ಬಂತು, ಕರಿ, ಹೊಳಪು, ಇನ್ನೂ ಹಸಿ.
ನನ್ನ ಜೊತೆಯ ಹುಡುಗ ಮುಖಕ್ಕೆ ಮುಸುಕು ಎಳೆದುಕೊಂಡ.
ಅಪ್ಪ ಕೋಟಿನ ಮೇಲಿನ ಗುಂಡಿ ಹಾಕಿಕೊಂಡ, ಅಷ್ಟೆ.

ಇದರ ಮೇಲೆ ಜೇಡಿ ಬರುತ್ತದೆ, ದಪ್ಪ ಹಾಳೆ ಬರುತ್ತದೆ,
ಯಾವುದೋ ಹೊಲದಿಂದ ಕೆತ್ತಿ ತಂದ ಅರವತ್ತು ಸೆಂಟಿಮೀಟರು ಒಳ್ಳೆಯ ಮಣ್ಣು.
ಹಣ್ಣಿನ ಮರ ನೆಡುವಂತಿಲ್ಲ. ಬರ್ಚುಗಳು,
ಯಾರನ್ನೂ ಕೇಳದೆ ಬಂದವು, ಬೇರು ಹಾಳೆ ಸೀಳುತ್ತದೆಂದು
ಮಾರ್ಚಿನೊಳಗೆ ಕಡಿಯಬೇಕು.
ಒಳ್ಳೆಯ ಮಣ್ಣು ಲಾರಿಗೆಷ್ಟು ಎಂದು ಕೇಳಿದ. ಹೇಳಿದೆ.
ಬೆರಳಲ್ಲಿ ಮಾರ್ಕು ಎಣಿಸಿದ. "ಎರಡು ಲಾರಿಗೆ
ನನ್ನದೊಂದು ತಿಂಗಳು."

ಮಾಹಿತಿಯ ಮೂಲ ಎಂಬ ಕಲಮಿತ್ತು.
ಹಳೆಯ ಕಾರ್ಮಿಕ, ಬಾಯಿಮಾತು ಎಂದು ಬರೆದೆ.
ಕನ್ನಡಕ ತೆಗೆದು ಹಾಕಿಕೊಂಡು ಓದಿದ.
"ಹೆಸರು ಹಾಕು. ಪೂರ್ತಿ.
ನನ್ನ ಹೆಸರಿನಲ್ಲಿ ಎರಡು ಐ ಇವೆ, ಎರಡಕ್ಕೂ ಚುಕ್ಕಿಯಿಲ್ಲ.
ಮೂವತ್ತೊಂದು ವರ್ಷ ಸಂಬಳದ ಚೀಟಿಯಲ್ಲಿ
ಇಲ್ಲದ ಚುಕ್ಕಿ ಇಟ್ಟರು."

ಹಾಕಿದೆ. ಕೈ ಸ್ವಲ್ಪ ನಡುಗಿತು, ಚಳಿಯಿತ್ತು.
ಹೊಸ ಗೂಟ ಬಡಿಯುವಾಗ ಅಲುಗದಂತೆ ಅವನೇ ಹಿಡಿದ.
ಕೈಗವಸು ಹಾಕಿಕೋ ಎಂದೆ.
ಈಗ್ಯಾಕೆ, ಅಂದ.