ದಿನಕ್ಕೊಂದು ಲೀಟರು

ಮಂಡ್ಯದ ದೊಡ್ಡಾಸ್ಪತ್ರೆ, ಡಯಾಲಿಸಿಸ್ ವಾರ್ಡು, ಮೂರನೇ ಮಂಚ.
ಜವರೇಶನ ರಕ್ತ ಹೊರಗೊಂದು ಸುತ್ತು ಹೋಗಿ
ತೊಳಕೊಂಡು ಬರುತ್ತಿದೆ.
ನಾಲ್ಕು ಗಂಟೆ. ಯಾರೂ ಎದ್ದು ಹೋಗುವಂತಿಲ್ಲ.
"ಇಂಥಾ ಆಡಿಯನ್ಸು ಮೈಸೂರಲ್ಲಿ ಸಿಕ್ತದೇನ್ಲಾ ಪಳನಿ?
ಎಲ್ರಿಗೂ ಸೂಜಿ ಚುಚ್ಚಿ ಕೂರ್ಸವ್ರೆ."

ಆರು ಮಂಚದಲ್ಲಿ ನಗುವವಳು ಒಬ್ಬಳೇ,
ಪಾಂಡವಪುರದ ನಿಂಗಾಜಮ್ಮ,
ಅದೂ ಮಾತು ಮುಗಿದ ಎರಡು ನಿಮಿಷಕ್ಕೆ.
ಅವಳ ನಗು ಬರುವತನಕ
ಇವನು ಮುಂದಿನದಕ್ಕೆ ಹೋಗುವುದಿಲ್ಲ.

ತನ್ನ ಹೆಸರಿನ ಮೇಲೂ ಒಂದು ಕಟ್ಟಿದ್ದಾನೆ:
"ಜವರಾಯ ಬಂದಿದ್ದ. ಯಾರ್ಲಾ ನೀನು ಅಂದ. ಜವರ ಅಂದೆ.
ಓ, ನಮ್ಮೋನೇ ಅಂತ
ಟೀ ಕುಡ್ದು ಹೋದ. ಕಾಸು ಮಾತ್ರ ನನ್ ತಲೆಗೆ."

ಹನ್ನೊಂದು ವರ್ಷ ಒಂದೇ ಮೈಕು ನಮ್ಮಿಬ್ಬರಿಗೆ.
ಗಣಪತಿ ಪೆಂಡಾಲು, ಹಾಲಿನ ಡೇರಿಯ ವಾರ್ಷಿಕೋತ್ಸವ,
ಒಮ್ಮೆ ಒಂದು ನಾಮಕರಣ, ಮಗುವೇ ಅತ್ತು ನಮ್ಮನ್ನು ಇಳಿಸಿತು.
ಆಮೇಲೆ ಸರಸ್ವತಿಪುರಂನ ಕಾಫಿ ಅಂಗಡಿಯ ತಾರಸಿ,
ನಲವತ್ತು ಪ್ಲಾಸ್ಟಿಕ್ ಕುರ್ಚಿ.
ಸ್ಟ್ಯಾಂಡಪ್ ಅಂದರು, ನಿಂತೆವು.
ಕಡೆಯ ಬಸ್ಸು ತಪ್ಪಿದ ರಾತ್ರಿ ಯಾದವಗಿರಿಯ ನಮ್ಮ ಮನೆಯಲ್ಲಿ
ಅಮ್ಮನ ತಮಿಳಿಗೆ ಮಂಡ್ಯದ ಮಾತಲ್ಲಿ ಉತ್ತರ ಕೊಡುತ್ತಾ
ಎರಡು ಸಾರಿ ರಸ ಹಾಕಿಸಿಕೊಳ್ಳುತ್ತಿದ್ದ.

ನನ್ನದೊಂದು ಕಿಡ್ನಿ ತಗೊಳ್ಳಿ ಅಂತ ಹೋದೆ.
ಡಾಕ್ಟರು ನನ್ನ ರಕ್ತ ನೋಡಿ ನನ್ನನ್ನೇ ಗದರಿ ಕಳಿಸಿದರು.
ಜವರ ಬಿದ್ದು ಬಿದ್ದು ನಕ್ಕ:
"ಸಕ್ಕರೆ ನಾಡು ನಮ್ದು, ಸಕ್ಕರೆ ಕಾಯ್ಲೆ ನಿಂದು!"

ಎಳನೀರಿನ ಸೀಮೆಯವನಿಗೆ ಎಳನೀರು ಕೂಡದು.
ಬರೀ ನೀರೂ ಅಳತೆಯದು.
ಸಿಸ್ಟರ್ ಫಿಲೋಮಿನಾ ಅವನ ಬಾಟಲಿಗೆ
ನೇಲ್ ಪಾಲಿಶಿನಲ್ಲಿ ಗೆರೆ ಎಳೆದ ದಿನ
ಅವನೆಂದ:
"ಕಾವೇರಿಗೋಸ್ಕರ ಹೈವೇಲಿ ಅಡ್ಡಡ್ಡ ಮಲಗಿದ್ದೋನು ನಾನು.
ಈಗ ನಂಗೇ ದಿನಕ್ಕೊಂದು ಲೀಟರು ಅಂತ ತೀರ್ಪು!
ತಮಿಳ್ನಾಡಿಗೆ ಬಿಡೋದ್ರಲ್ಲಿ ಒಂದು ಚೊಂಬು
ಈ ಕಡೀಕೂ ಬಿಡ್ರವ್ವ."
ಅವತ್ತು ನಿಂಗಾಜಮ್ಮ ತಕ್ಷಣ ನಕ್ಕಳು.

ಆ ಶನಿವಾರ ತಾರಸಿಯ ಮೇಲೆ
ನನ್ನ ಹತ್ತು ನಿಮಿಷ ಮೂರಕ್ಕೇ ಬತ್ತಿಹೋಯಿತು.
ಮುಂದಿನ ಸಾಲಿನವನು ಮೊಬೈಲು ತೆಗೆದ.
ಬಾಯಿ ತಾನಾಗಿ ಶುರುಮಾಡಿತು,
ನನಗೆ ಕಿಡ್ನಿ ಕಾಯಿಲೆ ಕಣ್ರೀ, ದಿನಕ್ಕೊಂದೇ ಲೀಟರು...
ಹೌದು, ನನಗೆ ಅಂತಲೇ.
ನಲವತ್ತು ಕುರ್ಚಿಯೂ ನಕ್ಕವು.
ಇಳಿದಾಗ ಒಬ್ಬ ಹುಡುಗ ಎರಡೂ ಕೈ ಹಿಡಿದು
"ಹುಷಾರಾಗಿರಿ ಸಾರ್" ಎಂದ.
ಹೂಂ ಅಂದೆ.

ವಿಡಿಯೋ ನನಗಿಂತ ಮೊದಲು ಮಂಡ್ಯ ತಲುಪಿತ್ತು.

ಮೂರು ವಾರ ಅವನು ಫೋನೆತ್ತಲಿಲ್ಲ.
ನಾಲ್ಕನೇ ಮಂಗಳವಾರ ಹೋದೆ.
ಪಕ್ಕದ ಮಂಚದ ಮೇಲೆ ಹಾಸಿಗೆ ಮಡಚಿಟ್ಟಿತ್ತು.
ನಿಂಗಾಜಮ್ಮ ಎಲ್ಲಿ ಅಂತ ಕೇಳಬೇಕಾಗಲಿಲ್ಲ.
ಸ್ಟೂಲೆಳೆದು ಕೂತೆ. ಮೆಷಿನ್ನು ಗುರುಗುಟ್ಟುತ್ತಿತ್ತು.
ಬಹಳ ಹೊತ್ತಿನ ಮೇಲೆ, ಗೋಡೆ ನೋಡುತ್ತಲೇ,
"ಎಷ್ಟು ಜನ ನಕ್ರು?"
ನಲವತ್ತು.
"ಕಾಯ್ಲೆನೂ ಕದ್ಯಲ್ಲೋ, ಕಳ್ನನ್ಮಗನೆ."

ಏನೋ ಹೇಳಹೋದೆ. ಗಂಟಲು ಅಂಟಿಕೊಂಡು ಕೆಮ್ಮು ಬಂತು.
ಸೂಜಿಯಿಲ್ಲದ ಕೈಯಿಂದ ಅವನು ಬಾಟಲಿ ಚಾಚಿದ.
ಕೆಳಗಿನ ಕೆಂಪು ಗೆರೆಗಿಂತ ಒಂದು ಬೆರಳು ಮೇಲೆ,
ಸಂಜೆತನಕ ಅವನಿಗಿದ್ದದ್ದು ಅಷ್ಟೇ.
ಬೇಡವೆಂದೆ.
"ಕುಡೀಲಾ."
ಒಂದು ಗುಟುಕು ಬಾಯಿಗೆ ತಗೊಂಡೆ.

"ಸಿಸ್ಟರ್, ಲೆಕ್ಕ ಬರ್ಕಳಿ..."
ನಿಲ್ಲಿಸಿದ. ಉಸಿರೆಳೆದುಕೊಂಡ.
ಹನ್ನೊಂದು ವರ್ಷ ನನಗೆ ಕಲಿಸಲು ನೋಡಿದ ಆ ಒಂದು ಉಸಿರು.
"ತಮಿಳ್ನಾಡಿಗೆ ಐವತ್ತು ಎಮ್ಮೆಲ್."

ವಾರ್ಡು ನಕ್ಕಿತು.
ಸೂಜಿ ಅಲ್ಲಾಡ್ತದೆ ಅಂತ ಗದರುತ್ತಲೇ ಫಿಲೋಮಿನಾ ನಕ್ಕಳು.
ಅವನು ಮುಂದಿನದಕ್ಕೆ ಹೋಗಲಿಲ್ಲ.
ಮಡಚಿಟ್ಟ ಹಾಸಿಗೆಯ ಕಡೆ ತಿರುಗಿ
ಕಾಯುತ್ತಿದ್ದ, ಎರಡು ನಿಮಿಷ.
ನನ್ನ ಬಾಯ್ತುಂಬ ಅವನ ನೀರು,
ನಕ್ಕರೆ ಚೆಲ್ಲುತ್ತದೆ.