ಒಂದು ಗೇಣು ಬಿಳುಪು

ತಾರಿಹಾಳದ ಶೆಡ್ಡಿನ ಮುಂದ ಲಾರಿ ನಿಂತು
ತಾಡಪತ್ರಿ ಬಿಚ್ಚಿದ್ರ
ಹುಳಿ ವಾಸನಿ, ರಾತ್ರಿ ಮರೆತಿಟ್ಟ ಮಜ್ಜಗಿ ಹಂಗ.
ಸುಳ್ಯದ ಕಡೆಯಿಂದ ಬಂದ ಹಲಗಿ,
ಹುಳ ಬೀಳಬಾರದಂತ ಔಷಧದ ನೀರು ಕುಡದು
ಭಟ್ಟಿಯೊಳಗ ಬೆವತು
ಹೊರಗ ಬಂದಾವು, ಬಿಳೇ ಮಾರಿ ಮಾಡ್ಕೊಂಡು.

"ರಬ್ಬರ ಕಟ್ಟಿಗಿ ಅಂದ್ರ
ಜಗ್ಗಿದ್ರ ಉದ್ದ ಆಗತೈತೇನ್ ಕಾಕಾ?"
ಛಾ ತರೋ ದಾವಲ ಕೇಳ್ತಾನ.
ಮೌನೇಶಪ್ಪ ನಗೂದಿಲ್ಲ.
ಮತ್ತಿ, ಹೊನ್ನಿ, ಬೀಟಿ, ಸಾಗವಾನಿ
ಬೀಗರ ಹೆಸರಿನಂಗ ಮರ್ಯಾದಿಲೆ ಹೇಳಾಂವ,
ಇದಕ್ಕ ಮಾತ್ರ "ಆ ಬಿಳೇದು" ಅಂತಾನ.
ಹತ್ತರಿ ಹೊಡಿಯೋ ಮುಂದ ಆದ್ರ
ಬಾಯಿ ತಪ್ಪಿ ಬರತೈತಿ:
"ಗಂಟಿಲ್ಲ, ತಂಟಿಲ್ಲ, ಪಾಪ."

ನಂದು ಪಾಲಿಶ್ ಕೆಲಸ.
ಮೊದಲ ಒರಟ ಉಸುಕಿನ ಕಾಗದ,
ಆಮ್ಯಾಲೆ ನುಣುಪಂದು,
ಆಮ್ಯಾಲೆ ಅಂಗೈ.
ಮಾಲಕ ಅಂದಾನೆಪ್ಪ ಡಬ್ಬಿ ಮುಂದಿಡ್ತಾನ:
"ಸಾಗವಾನಿ ಬಣ್ಣ. ಎಳಿ ಎಳಿ ಕಾಣಬೇಕು."
ಕಾಣಸ್ತೀನಿ.
ಸಣ್ಣ ಬ್ರಶ್ಶಿಲೆ ಇಲ್ಲದ ಎಳಿ ಬರೀತೀನಿ,
ನಾ ನೋಡದ ಕಾಡಿನ ಬ್ಯಾಸಗಿ, ಮಳಿಗಾಲ
ಒಂದೊಂದಾಗಿ ಎಣಿಸಿ.
ಸಂಜೀಕ ರೊಟ್ಟಿ ಬಡಿಯೋ ಮುಂದ
ಮಗಳು ಕೈ ಹಿಡದು ನಗ್ತಾಳ,
"ಅವ್ವಾ, ನಿನ್ನ ಉಗುರಷ್ಟ ನೋಡು, ಖರೇ ಸಾಗವಾನಿ."

ಮೊನ್ನೆ ಒಂದು ಹಲಗ್ಯಾಗ
ಅಂಚಿಗೆ ಓರಿಯಾಗಿ ಒಂದು ಗೀರು,
ಯಾವಾಗೋ ಮಾಯ್ದ ಗಾಯ.
"ಹಾಲು ತಗಿಯೋ ಚಾಕುಂದು" ಅಂದ ಮೌನೇಶಪ್ಪ,
"ತೊಗಟಿ ಅಷ್ಟ ಕೆತ್ತಬೇಕು.
ಕೈ ಒಂದು ಕೂದಲೆಳಿ ಹೆಚ್ಚು ಒತ್ತಿದ್ರ
ಕಟ್ಟಿಗೀ ತನಕ ಇಳೀತೈತಿ.
ಇಪ್ಪತ್ತೈದು, ಮೂವತ್ತು ವರ್ಷ ಕರದು
ಬತ್ತಿದ ಮ್ಯಾಲೆ ಕಡೀತಾರ.
ಹಿಂದಕ ಒಲಿಗೆ ಹಾಕತಿದ್ರಂತ.
ಈಗ ಖುರ್ಚಿ, ಲಟ್ಟಣಗಿ, ಹುಡುಗರ ಆಟಗಿ ಸಾಮಾನು."

ಅವತ್ತು ಯಾರ ಕೈ ಜಾರಿತ್ತೋ.
ನಸುಕಿನ್ಯಾಗ ಹಣಿಗೆ ಕಟ್ಟಿದ ದೀಪ ಆರಿತ್ತೋ,
ಜ್ವರ ಇತ್ತೋ,
ಮನಸು ಮನ್ಯಾಗ ಉಳದಿತ್ತೋ.
ಮುಂಜಾನಿ ಮೊದಲನೇ ಬಸ್ಸಿನ್ಯಾಗ
ಹಳೇಹುಬ್ಬಳ್ಳಿಯಿಂದ ನಿಂತs ಬರಾಕಿ ನಾನು.
ನನಗ ಗೊತ್ತಿಲ್ಲೇನು,
ಕೈ ಯಾಕ ಜಾರತೈತಿ ಅನ್ನೂದು?

ಆ ಹಲಗೀನ ಮ್ಯಾಜು ಆತು.
ನೋಡಾಕ ಬಂದವರು ಕೇಶ್ವಾಪುರದ
ರಿಟೈರ್ ಆದ ಗಾರ್ಡ್ ಸಾಹೇಬ್ರು.
ಗೆಣ್ಣಿಲೆ ಬಡದು, ಕಿವಿ ಹಚ್ಚಿ ಕೇಳಿ,
"ಮೂವತ್ತಾರು ವರ್ಷ ಸ್ಲೀಪರಿನ ಮ್ಯಾಲೆ ಓಡಾಡೇನಿ,
ಕಟ್ಟಿಗಿ ನನಗ ಕಲಸ್ತೀರಿ?
ದಾಂಡೇಲಿ ಮಾಲು ಇದು!"
ಮಾಲಕ ಹೌದು ಅನ್ನಲಿಲ್ಲ,
ಅಲ್ಲ ಅನ್ನಲಿಲ್ಲ.
ದಾವಲನ್ನ ಕರದು ಛಾ ತರಿಸಿದ.
ನಾ ಬಣ್ಣದ ಚಿಂದಿ ಹಿಂಡಿಕೋತ ನಿಂತೆ.

ಮ್ಯಾಜಿನ ಬುಡಕ ಯಾರೂ ನೋಡೂದಿಲ್ಲ.
ಅಲ್ಲೆ, ಗೀರಿನ ಸುತ್ತಲ ಒಂದು ಗೇಣು,
ನಾ ಬಣ್ಣ ಹಚ್ಚಿಲ್ಲ.
ಬರೇ ಮೇಣ ತಿಕ್ಕೇನಿ, ಹಸಿ ತಾಗಬಾರದಂತ.

ಸಾಹೇಬ್ರ,
ಉಣ್ಣೋ ಹೊತ್ತಿನ್ಯಾಗ ಒಂದ್ಸಲ
ಚಮಚ ಬೀಳಸ್ರಿ.