ರಾತ್ರಿಯ ಲೆಕ್ಕ

ಕಣಕುಂಬಿಯಿಂದ ಬಂತು, ಬಸ್ಸಿನ ಹಿಂದಿನ ಸೀಟಿನ ಕೆಳಗ,
ಅವಲಕ್ಕಿ ಡಬ್ಬಿಯಾಗ, ತೋಯಿಸಿದ ಪೇಪರಿನಾಗ ಸುತ್ತಿದ
ಅಂಗೈ ಅಗಲದ ಹಸರು.
ಡಬ್ಬಿ ಮ್ಯಾಲ ಮೇಡಂ ಬರದಿದ್ರು: ಎಂಟನೂರಾ ಇಪ್ಪತ್ತು ಮೀಟರ್.
ದಾವಲಮಲಿಕ ನದಾಫ, ಲ್ಯಾಬ್ ಅಟೆಂಡರ್, ನವನಗರ, ಬಾಗಲಕೋಟಿ,
ಅಂತ ಸಹಿ ಮಾಡಿ ತಗೊಂಡೆ.

ಎರಡು ಜಾತಿ ಇದ್ವು.
ಒಂದು ಪಾಚಿ, ಹಿಂಜಿದ ಅರಳಿಯಂಗ ಉಬ್ಬಿತ್ತು.
ಇನ್ನೊಂದು ಕಲ್ಲಿಗೆ ಚಪ್ಪಟಿ ಅಂಟಿದ್ದು.
ಲಿವರ್‌ವರ್ಟ್ ಅಂದ್ರು ಮೇಡಂ.
ನೋಡಿದ್ರ ಖರೇನ, ಐತವಾರ ತಕ್ಕಡ್ಯಾಗ ತೂಗೋ ಕಲೇಜಿ,
ಯಾರೋ ಹಸರು ಬಣ್ಣದಾಗ ಅದ್ದಿಟ್ಟಂಗ.

ನೆಳ್ಳು ಕಟ್ಟಿದೆ. ಗೋಣಿಚೀಲ ತೋಯಿಸಿ ಸುತ್ತ ಹಾಕಿದೆ.
ಹಗಲಿನ ಬಿಸಲು ಕೊಲ್ಲತೈತಿ ಅಂತ ತಿಳಕೊಂಡಿದ್ದೆ.
ಹಗಲಲ್ಲ ದಾವಲ, ರಾತ್ರಿ ನೋಡು, ಅಂದ್ರು.
ಬೆಳಕಿನಾಗ ದುಡದದ್ದನ್ನ ಕತ್ತಲ್ಯಾಗ
ಉಸಿರಾಡಿ ಖರ್ಚು ಮಾಡತಾವಂತ.
ಮ್ಯಾಲ ಘಟ್ಟದಾಗ ರಾತ್ರಿ ತಂಪು,
ಮುಂಜಾನಿಗೆ ಕಿಸೇದಾಗ ನಾಕಾಣೆ ಉಳಿತೈತಿ.
ಇಲ್ಲಿ ಎಪ್ರಿಲ್‌ದಾಗ ನಡುರಾತ್ರಿಗೂ ಮೂವತ್ತು ಡಿಗ್ರಿ:
ಪಾಪ, ಗಳಿಸಿದ್ದಕ್ಕಿಂತ ಜಾಸ್ತಿ ಉಸಿರು.

ಹನ್ನೊಂದು ರಾತ್ರಿ ಮಾಳಿಗಿ ಮ್ಯಾಲ ಕುಂತೆ,
ಹತ್ತಕ್ಕ, ಒಂದಕ್ಕ, ನಾಕಕ್ಕ
ಬ್ಯಾಟರಿ ಹಚ್ಚಿ ಪಾದರಸ ಓದಿ ಬರದೆ.
ಒಂದಕ್ಕ ಬರಿಯೂ ಹೊತ್ತಿನಾಗ ಹಿನ್ನೀರು ಕಾಣತಿತ್ತು,
ಅದರ ಅಡಿಗೆ ಅಪ್ಪ ಅರಳಿ ಹಿಂಜತಿದ್ದ ಕಟ್ಟಿ.
ಕಲ್ಲು ನೆಡಾಕ ಬಂದಿದ್ದ ಸರ್ವೇದವರೂ
ಮೀಟರಿನಾಗs ಮಾತಾಡಿದ್ರು.
ಕಲ್ಲು ನಮ್ಮ ಹೊಸ್ತಿಲಿಗಿಂತ ಮ್ಯಾಲ ಬಿತ್ತು.
ನಮ್ಮನ್ನ ಮ್ಯಾಲ ಹತ್ತಿಸಿದ್ರು, ನಾ ಇವನ್ನ ಕೆಳಗ ಇಳಿಸೇನಿ,
ಅಂತ ರಜಿಸ್ಟರಿನ ಅಂಚಿನಾಗ ಬರದು
ಹೊಡದು ಹಾಕಿದೆ.

ಕಲೇಜಿ ಮೊದಲ ಕಂದಾತು, ಏಳನೇ ರಾತ್ರಿ.
ಪಾಚಿ ಒಣಗಿ, ನೀರು ಚುಮುಕಿಸಿದ್ರ ಅರ್ಧ ಎದ್ದು,
ಮತ್ತ ಒಣಗಿತು.
ಅಮ್ಮಾಗ ಹೇಳಿದೆ. ಆಕಿ ಬೀಸಣಿಕಿ ತಿರುವಿಕೋತ
"ತಂಪಿನ ಜೀವ" ಅಂದು ಸುಮ್ಮನಾದಳು.

ಹನ್ನೆರಡನೇ ದಿನ ಬಟ್ಟಲ ತೊಳ್ಯಾಕ ಹೋದೆ.
ಲ್ಯಾಬಿನ ಹಿಂದ, ಸೋರೂ ನಲ್ಲಿಯ ಕೆಳಗ,
ಕಲ್ಲಿನ ಸಂದಿಯಾಗ, ಉಗರಷ್ಟು ಎತ್ತರಿಲ್ಲ,
ಬೂದಿ ಬಡದ ಹಸರು.
ಹನಿ ಬಿದ್ದಲ್ಲಿ ಅಷ್ಟs ಎಚ್ಚರ, ಉಳಿದದ್ದು ನಿದ್ದಿ.

ಹೊಸಾ ಡಬ್ಬಿ ತಂದು ಚೀಟಿ ಅಂಟಿಸಿ
ಪೆನ್ನು ಹಿಡಕೊಂಡು ನಿಂತೇನಿ.
ನಾವು ಬರೂ ಮೊದಲ ಇಲ್ಲಿ ನಲ್ಲಿ ಇರಲಿಲ್ಲ,
ಸೋರೂ ಹನಿನೂ ಇರಲಿಲ್ಲ.
ಇದು ಯಾವ ಬಸ್ಸಿಗೆ ಬಂತು?